ಎರಡು ಹಿಡಿಯ ಯಂತ್ರ

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಅರವತ್ತು ತುಂಬಿ ನಿವೃತ್ತಳಾದ ದಿನ ನಗರಸಭೆಯ ವರ್ಕ್‌ಶಾಪಿನವರು ನಾಲ್ಕು ಒಳ್ಳೆಯ ಮಾತಾಡಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆಂದು ಅವಳಿಗೆ ಮೂರನೇ ದಿನ ಗೊತ್ತಾಯಿತು. ನಾಲ್ಕನೇ ದಿನ ಅದು ಅವಳ ಊಟದ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಐದನೇ ದಿನ ಸರಿಯಾಗಿ ನಡೆಯತೊಡಗಿತು. ಅಲ್ಲಿಗೆ ಮನೆಯಲ್ಲಿ ರಿಪೇರಿಗೆ ಇನ್ನೇನೂ ಉಳಿಯಲಿಲ್ಲ. ಆಮೇಲಿನ ಎರಡು ತಿಂಗಳು ಅವಳು ಮನೆಯಲ್ಲಿ ಚಡಪಡಿಸಿದ್ದನ್ನು ನೋಡಿದವರಿಗೆ ಗೊತ್ತು, ಸುಮ್ಮನೆ ಕೂರುವುದೂ ಒಂದು ಕಸುಬು, ಅದು ಅತ್ತೆಗೆ ಬರುವುದಿಲ್ಲ.

ನಾನು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ನನಗೆ ತಾಳ್ಮೆ ಕಮ್ಮಿ ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ. ದಿನಕ್ಕೆ ಮೂವತ್ತು ಜನರಿಗೆ 'ಈ ಗಾಜು ಸ್ಪಷ್ಟವೋ, ಆ ಗಾಜು ಸ್ಪಷ್ಟವೋ' ಎಂದು ಕೇಳಿ, ಮೂವತ್ತು ಜನರ ಬಾಯಿಂದಲೂ 'ಎರಡೂ ಒಂದೇ ಥರ ಇದೆ' ಎಂದು ಕೇಳಿಸಿಕೊಂಡು ಮನೆಗೆ ಬರುವವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ನಾನು ಅಲ್ಲಲ್ಲಿ ಸಿಡುಕಿದರೆ ಬೇಸರ ಮಾಡಿಕೊಳ್ಳಬೇಡಿ. ಈ ಕಥೆ ನನ್ನದಲ್ಲ, ಅತ್ತೆಯದು.

ಅತ್ತೆ ಮೂವತ್ತೆಂಟು ವರ್ಷ ರಿಪೇರಿ ಮಾಡಿದ್ದು ಕಸದ ಲಾರಿಗಳನ್ನು. ಕಸದ ಲಾರಿಯ ಹಿಂಭಾಗದಲ್ಲಿ ಒಂದು ದಪ್ಪ ಉಕ್ಕಿನ ಹಲಗೆ ಇರುತ್ತದೆ. ಬಿದ್ದ ಕಸವನ್ನು ಅದು ಒಳಕ್ಕೆ ತಳ್ಳಿ ಅಮುಕುತ್ತದೆ. ಆ ಹಲಗೆಗೆ ಶಕ್ತಿ ಕೊಡುವುದು ಎಣ್ಣೆ. ಪಂಪು ಎಣ್ಣೆಯನ್ನು ಒಂದು ಸಿಲಿಂಡರಿನೊಳಕ್ಕೆ ಒತ್ತುತ್ತದೆ, ಸಿಲಿಂಡರಿನಿಂದ ಮುಂಗೈಯಷ್ಟು ದಪ್ಪದ ಕಂಬಿ ಹೊರಗೆ ಬರುತ್ತದೆ, ಎದುರಿಗೆ ಸಿಕ್ಕಿದ್ದನ್ನು ಯಾವ ಗಡಿಬಿಡಿಯೂ ಇಲ್ಲದೆ ಅಪ್ಪಚ್ಚಿ ಮಾಡುತ್ತದೆ. ಆ ಸಿಲಿಂಡರುಗಳೆಂದರೆ ಅತ್ತೆಗೆ ಪ್ರಾಣ. ವರ್ಕ್‌ಶಾಪಿನವರು ಅವನ್ನು ಜಾಕು ಎನ್ನುತ್ತಿದ್ದರು, ಅಲ್ಲಿ ಅವಳ ಹೆಸರೇ ಜಾಕಕ್ಕ ಎಂದಾಗಿತ್ತು.

ಒಂದು ಸಲ ಅವಳ ಜೊತೆ ಕೆಲಸದವನೊಬ್ಬ ಒಂದು ಕೈಯಲ್ಲಿ ಹಿಡಿಯನ್ನು ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಒಳಗೆ ಸಿಕ್ಕಿಕೊಂಡಿದ್ದ ತಗಡನ್ನು ಎಳೆಯಲು ಹೋಗಿ ಮೂರು ಬೆರಳು ಕಳೆದುಕೊಂಡ. ಅತ್ತೆಗೆ ಒಂದು ವಾರ ಊಟ ಸೇರಲಿಲ್ಲವಂತೆ. ಆಮೇಲೆ ಅವಳೊಂದು ಉಪಾಯ ಹೂಡಿದಳು. ಪ್ರತಿ ಲಾರಿಗೂ ಒಂದು ಹಿಡಿಯ ಬದಲು ಎರಡು, ಅವೆರಡರ ನಡುವೆ ಎರಡು ತೋಳು ಚಾಚಿದಷ್ಟು ಅಂತರ. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಹಲಗೆ ಮುಂದೆ ಹೋಗಬೇಕು, ಒಂದನ್ನು ಬಿಟ್ಟರೂ ನಿಲ್ಲಬೇಕು. ಎರಡು ಕೈಗೂ ಕೆಲಸ ಕೊಟ್ಟ ಮೇಲೆ ಒಳಗೆ ಹಾಕಲು ಮೂರನೇ ಕೈ ಯಾರಿಗಿದೆ? ಆಮೇಲಿನ ಇಪ್ಪತ್ತೈದು ವರ್ಷ ಆ ಲಾರಿಗಳಿಗೆ ಯಾರ ಉಗುರೂ ಸಿಗಲಿಲ್ಲ. ಇದನ್ನು ಅತ್ತೆ ನಮಗೆ ಎಷ್ಟು ಸಲ ಹೇಳಿದ್ದಾಳೆಂದರೆ, ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲೆ.

ಇನ್ನು ಅಪ್ಪ. ಅಪ್ಪನದು ಸೌದೆ ಡಿಪೋ, ಮನೆಯ ಹಿಂದೆಯೇ ತಗಡಿನ ಬೇಲಿಯೊಳಗೆ. ತಾತ ಶುರು ಮಾಡಿದ್ದು. ತಾತನ ಕಾಲದಲ್ಲಿ ದಿಮ್ಮಿ ಕೊಯ್ಯುತ್ತಿದ್ದದ್ದು ಎರಡು ತುದಿಗೂ ಹಿಡಿ ಇರುವ ಉದ್ದನೆಯ ಗರಗಸದಲ್ಲಿ. ಒಂದು ತುದಿ ಅಪ್ಪ, ಇನ್ನೊಂದು ತುದಿ ಅತ್ತೆ. ಆ ಗರಗಸಕ್ಕೆ ಇದ್ದದ್ದು ಒಂದೇ ನಿಯಮ, ಎಳೆಯಬೇಕು, ತಳ್ಳಬಾರದು. ತಳ್ಳಿದರೆ ಅಲಗು ಬಾಗಿ ಮರದಲ್ಲಿ ಕಚ್ಚಿಕೊಳ್ಳುತ್ತದೆ. ತನ್ನ ಸರದಿ ಎಳೆದು, ಕೈ ಹಗುರ ಮಾಡಿ, ಎದುರಿನವರಿಗೆ ಬಿಟ್ಟುಕೊಡಬೇಕು. ಹತ್ತನೇ ವಯಸ್ಸಿನಿಂದ ಇಪ್ಪತ್ತೆರಡರವರೆಗೆ ಅತ್ತೆ ಹೀಗೆ ಅಣ್ಣನ ಎದುರು ಕೂತು ಎಳೆದಳು. ಆಮೇಲೆ ವರ್ಕ್‌ಶಾಪಿನ ಕೆಲಸ ಸಿಕ್ಕಿತು, ಹೋದಳು. ಅಪ್ಪ ಬೈಯಲೂ ಇಲ್ಲ, ಹರಸಲೂ ಇಲ್ಲ. ಗರಗಸಕ್ಕೆ ಎಣ್ಣೆ ಹಚ್ಚಿ ಶೆಡ್ಡಿನ ಗೋಡೆಗೆ ತಗುಲಿಹಾಕಿ, ಒಬ್ಬನೇ ಹಿಡಿಯುವ ಚೈನ್‌ಸಾ ತಂದುಕೊಂಡ. ಕೊಯ್ಯಲು ಅದು, ಸೀಳಲು ಕೊಡಲಿ. ಆ ತುದಿಗೆ ಇನ್ಯಾರನ್ನೂ ಕೂರಿಸಲಿಲ್ಲ.

ಅಪ್ಪ ಕೊಡಲಿ ಬೀಸುವುದನ್ನು ನೋಡಲು ಬೀದಿಯವರು ನಿಲ್ಲುತ್ತಿದ್ದರು. ಅರವತ್ತನಾಲ್ಕರಲ್ಲೂ ಒಂದೇ ಏಟಿಗೆ ಎರಡು ಹೋಳು. ಈ ವರ್ಷ ಮಾತ್ರ ರಸ್ತೆ ಬದಿಯ ಹಳೆಯ ಅಕೇಶಿಯಾ ಮರಗಳ ದಿಮ್ಮಿ ಬಂದವು. ಒಣಗಿ ಕಬ್ಬಿಣವಾಗಿದ್ದವು, ಮೈತುಂಬ ಗಂಟು. ಅಪ್ಪ ಎಲ್ಲವನ್ನೂ ಬೇಕರಿಯ ಒಲೆಯ ಅಳತೆಗೆ ತುಂಡು ಮಾಡಿ ಮುಗಿಸಿ, ಸೀಳಲು ಶುರು ಮಾಡಿದ ಎರಡನೇ ದಿನ ಕೊಡಲಿ ಒಂದು ಗಂಟಿನಲ್ಲಿ ಸಿಕ್ಕಿಕೊಂಡಿತು. ಜಗ್ಗಿದ. ಕೊಡಲಿ ಬರಲಿಲ್ಲ, ಬಲಭುಜ ಬಂತು. ಡಾಕ್ಟರು ಹೊಲಿಗೆ ಹಾಕಿ, ಕೈಯನ್ನು ಎದೆಗೆ ಬಿಗಿದು ಕಟ್ಟಿ, ಮೂರು ತಿಂಗಳು ಈ ಕೈ ನಿಮ್ಮದಲ್ಲ ಎಂದುಕೊಳ್ಳಿ, ಕೊಡಲಿಯನ್ನಂತೂ ಇನ್ನು ಜನ್ಮದಲ್ಲಿ ಮುಟ್ಟಬೇಡಿ ಎಂದರು.

ಅಪ್ಪ ಹಿಂಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತ. ಮಾತು ನಿಂತಿತು. ಅಂಗಿಯ ಗುಂಡಿ ಅಮ್ಮ ಹಾಕಬೇಕು. ಪೇಪರ್ ಹಿಡಿದಿರುತ್ತಿದ್ದ, ಒಂದೇ ಕೈಯಲ್ಲಿ ಪುಟ ತಿರುಗಿಸಲು ಬಾರದೆ ಬೆಳಗಿನಿಂದ ಸಂಜೆಯವರೆಗೆ ಮೊದಲ ಪುಟವನ್ನೇ ಓದುತ್ತಿದ್ದ. ತಿರುಗಿಸಿಕೊಡು ಎಂದು ಯಾರನ್ನೂ ಕೇಳುತ್ತಿರಲಿಲ್ಲ. ನಾನೇ ತಿರುಗಿಸಲು ಹೋದರೆ, ಇನ್ನೂ ಓದಿಲ್ಲ ಎನ್ನುತ್ತಿದ್ದ.

ಆ ಶನಿವಾರ ಬೇಕರಿಯವರು ಬಂದರು. ಡಿಪೋ ನಿಂತಿರುವುದೇ ಅವರ ಒಲೆಯ ಮೇಲೆ. ಉಳಿದ ಗಿರಾಕಿಗಳೆಲ್ಲ ಎಂದೋ ಗ್ಯಾಸಿಗೆ ಹೋಗಿಯಾಗಿತ್ತು. ಪಾಪ, ಒಳ್ಳೆಯ ಮನುಷ್ಯರು, ತಾವೇ ತಪ್ಪು ಮಾಡಿದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ಎಲ್ಲಿಂದಲೋ ತರಿಸಿದ ಹಸಿ ಸೌದೆ ಹೊಗೆಯಾಡುತ್ತಿದೆಯಂತೆ, ಬ್ರೆಡ್ಡಿನ ತಳ ಬೇಯುತ್ತಿಲ್ಲವಂತೆ. ಗುರುವಾರ ಸಂಜೆಯೊಳಗೆ ಒಂದು ಲೋಡು ಒಣಸೌದೆ ಬಂದರೆ ಸರಿ, ಇಲ್ಲದಿದ್ದರೆ ಶುಕ್ರವಾರ ಗ್ಯಾಸ್ ಒಲೆಯವರು ಬರುತ್ತಾರೆ ಎಂದರು. ಬೇರೆ ಆಳು ಹಚ್ಚಿ ಸೀಳಿಸಬಹುದಲ್ಲ ಎಂದೂ ಕೇಳಿದರು. ತಾನೇ ಇಬ್ಬರನ್ನು ಕರೆಸಿದ್ದೆ, ಒಬ್ಬ ಅರ್ಧ ದಿನಕ್ಕೆ, ಇನ್ನೊಬ್ಬ ಕೊಡಲಿಯ ಕಾವು ಮುರಿದುಕೊಂಡು ಓಡಿಹೋದ ಎಂದು ಅಮ್ಮ ಹೇಳಿದಳು. ಆಗ ಅಪ್ಪ ಎರಡು ವಾರದ ಮೇಲೆ ಮೊದಲ ಸಲ ಬಾಯಿಬಿಟ್ಟ.

"ಬೇರೆಯವರ ಕೈಲಿ ಸೀಳಿಸಿ ನನ್ನ ಡಿಪೋ ಅಂತ ಬೋರ್ಡ್ ಹಾಕ್ಕೊಳಲ್ಲ. ಶುಕ್ರವಾರ ಜಾಗನ ಪಕ್ಕದ ಟೈರ್ ಅಂಗಡಿಯವರಿಗೆ ಬಿಟ್ಟುಕೊಡ್ತೀನಿ. ನಾನು ಮಾಡಕ್ಕಾಗದೆ ಇದ್ದಿದ್ದು ನಂಗೆ ಬೇಡ."

ನನಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ನನಗೆ ಸುಲಭವಾದದ್ದು ಸಿಟ್ಟು. ಅತ್ತೆಗೆ ಫೋನ್ ಮಾಡಿ, ನಿನ್ನ ಅಣ್ಣನಿಗೆ ಬುದ್ಧಿ ಹೇಳು ಎಂದು ಒಂದೇ ಉಸಿರಿಗೆ ಎಲ್ಲವನ್ನೂ ಒದರಿದೆ. ಅತ್ತೆ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು, ದಿಮ್ಮಿಗಳ ಉದ್ದ ಎಷ್ಟು? ಒಂದೂವರೆ ಅಡಿ ಎಂದೆ. ಫೋನ್ ಇಟ್ಟುಬಿಟ್ಟಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಗೇಟಿನಲ್ಲಿ ನಿಂತಿದ್ದಳು. ಹಳೆಯ ಖಾಕಿ ಅಂಗಿ, ಜೇಬಿನಲ್ಲಿ ಟೇಪು, ಕಿವಿಯ ಹಿಂದೆ ಪೆನ್ಸಿಲ್. ಎರಡು ತಿಂಗಳಿಂದ ಬಾಡಿದ್ದ ಮುಖ ಊರಗಲ ಆಗಿತ್ತು. ಸೌದೆ ಸೀಳುವ ಯಂತ್ರ ಮಾಡ್ತೀನಿ, ಕಸ ಅಮುಕುವ ಸಿಲಿಂಡರ್ ಮರ ಸೀಳಲ್ಲ ಅಂತ ಯಾರು ಹೇಳಿದ್ದು, ಎಂದು ನನ್ನನ್ನೇ ಗದರಿದಳು. ನಾನು ಹಾಗೆ ಹೇಳಿಯೇ ಇರಲಿಲ್ಲ. ಅಪ್ಪನಿಗೆ ಕೇಳಿಸಲಿ ಎಂದೇ ದೊಡ್ಡ ದನಿಯಲ್ಲಿ ವಿವರಿಸಿದಳು. ಒಂದು ಉಕ್ಕಿನ ತೊಲೆ, ತೊಲೆಯ ಈ ತುದಿಗೆ ಸಿಲಿಂಡರ್, ಆ ತುದಿಗೆ ನೆಟ್ಟಗೆ ನಿಂತ ಬೆಣೆ. ನಡುವೆ ದಿಮ್ಮಿ ಇಟ್ಟರೆ ಕಂಬಿ ಬಂದು ಬೆಣೆಗೆ ಒತ್ತುತ್ತದೆ, ದಿಮ್ಮಿ ಎರಡಾಗುತ್ತದೆ. ಭುಜ ಬೇಡ, ಬೀಸುವುದು ಬೇಡ, ನಿಂತು ಹಿಡಿ ಒತ್ತಿದರೆ ಸಾಕು. ಅಪ್ಪ ಪೇಪರಿನಿಂದ ಕಣ್ಣು ತೆಗೆಯಲಿಲ್ಲ. ಆದರೆ ಅವನು ಓದುತ್ತಿಲ್ಲ ಎನ್ನುವುದು ನನಗೆ ಗೊತ್ತು, ಓದುವ ಕಣ್ಣು ಹೇಗೆ ಓಡುತ್ತದೆ ಎಂದು ನೋಡುವುದೇ ನನ್ನ ಕೆಲಸ.

ಅತ್ತೆ ನನ್ನನ್ನು ಎಳೆದುಕೊಂಡು ಗುಜರಿ ಅಂಗಡಿಗೆ ಹೊರಟಳು. ಆಟೋದಲ್ಲಿ ಮಾತ್ರ ದನಿ ತಗ್ಗಿಸಿದಳು.

"ಬೇಕರಿ ಒಲೆ ಉರಿಯತ್ತೋ ಬಿಡತ್ತೋ ನಂಗೆ ಮುಖ್ಯ ಅಲ್ಲ ಕಣೇ. ಅಣ್ಣ ಕುರ್ಚಿಯಿಂದ ಏಳ್ಬೇಕು. ಅವನೇ ಸೀಳ್ಬೇಕು. ಅವತ್ತು ನಾನು ಎದ್ದು ಹೋದೆ ಅಲ್ವಾ, ಅವನು ಒಂದು ಮಾತೂ ಆಡ್ಲಿಲ್ಲ. ಆಡಿದ್ರೆ ಚೆನ್ನಾಗಿತ್ತು."

ಗುಜರಿ ಅಂಗಡಿ ಎಂದರೆ ಅತ್ತೆಗೆ ಜವಳಿ ಅಂಗಡಿ. ಒಂದು ರಾಶಿಯಿಂದ ಇನ್ನೊಂದು ರಾಶಿಗೆ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಾಡಿದಳು. ಮೂಲೆಯಲ್ಲಿ ಅರ್ಧ ಕತ್ತರಿಸಿದ ಒಂದು ಕಸದ ಲಾರಿ ಬಿದ್ದಿತ್ತು. ಅದರ ಹಿಂದೆ ಬಗ್ಗಿ ನೋಡಿದವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಿಲಿಂಡರಿನ ಬುಡದಲ್ಲಿ ಮೀನಿನ ಮೂಳೆಯಂಥ ಒಂದು ವೆಲ್ಡಿಂಗ್ ಗುರುತು. ಅವಳದೇ ಕೈ. ಹದಿನೇಳನೇ ನಂಬರಿನ ಲಾರಿ, ಹನ್ನೊಂದು ವರ್ಷದ ಹಿಂದೆ ತಾನೇ ಹಾಕಿದ ಬೆಸುಗೆ ಎಂದಳು. ಕಂಬಿಯನ್ನು ಬಟ್ಟೆಯಲ್ಲಿ ಒರೆಸಿದರೆ ಒಂದು ಗೀರಿಲ್ಲ, ಹೊಸ ಚಮಚೆಯಷ್ಟು ಹೊಳಪು. ಆಗ ನನಗೂ ಮೈ ಜುಮ್ಮೆಂದಿತು. ಅಲ್ಲಿಯವರೆಗೆ ಇದು ಹೆಂಗಸರ ಹಟ ಎಂದುಕೊಂಡಿದ್ದೆ, ನಾನೂ ಹೆಂಗಸೇ ಎನ್ನುವುದನ್ನು ಮರೆತು.

ಗುಜರಿಯವನು ಅವಳನ್ನು ನೋಡಿದ ಕೂಡಲೇ ಎದ್ದು ನಿಂತ. ಅವನ ತಗಡು ಒತ್ತುವ ಯಂತ್ರ ಆರು ತಿಂಗಳಿಂದ ಸೋರುತ್ತಿತ್ತು. ಅತ್ತೆ ಅಲ್ಲೇ ಕೂತು ಮಧ್ಯಾಹ್ನದೊಳಗೆ ಅದನ್ನು ಸರಿ ಮಾಡಿಕೊಟ್ಟಳು. ಅದಕ್ಕೆ ಬದಲಾಗಿ ಸಿಲಿಂಡರ್, ಪಂಪು, ಎಣ್ಣೆ ಟ್ಯಾಂಕು, ಲಾರಿಯ ಚಾಸಿಯಿಂದ ಕತ್ತರಿಸಿದ ಆರಡಿ ತೊಲೆ, ಬೆಣೆಗೆಂದು ಮಣ್ಣು ಅಗೆಯುವ ಯಂತ್ರದ ಹಲ್ಲು, ಎಲ್ಲವೂ ಸಂಜೆಯೊಳಗೆ ನಮ್ಮ ಡಿಪೋದಲ್ಲಿ ಇಳಿದವು.

ಸೋಮವಾರ ನಾನು ಅಂಗಡಿಗೆ ಫೋನ್ ಮಾಡಿ ಕಣ್ಣುಬೇನೆ ಎಂದೆ. ಕನ್ನಡಕದಂಗಡಿಯಲ್ಲಿ ಈ ಒಂದು ಕಾಯಿಲೆಗೆ ಮರುಮಾತಿಲ್ಲದೆ ರಜೆ. ನಾಲ್ಕು ದಿನ ಈ ಕಡೆ ತಲೆ ಹಾಕಬೇಡ ಎಂದು ಸಾಹುಕಾರರೇ ಅಂಗಲಾಚಿದರು.

ಆ ಎರಡು ದಿನ ನಮ್ಮ ಡಿಪೋ ನೋಡಬೇಕಿತ್ತು. ಅತ್ತೆ ಮೊದಲು ಶೆಡ್ಡಿನಲ್ಲಿದ್ದ ಸಾಮಾನೆಲ್ಲ ಹೊರಗೆ ಹಾಕಿಸಿದಳು. ಯಂತ್ರ ಒಂದಿದ್ದರೆ ಸಾಲದು, ಅದರ ಸಂಸಾರವೂ ಸರಿಯಿರಬೇಕು ಎನ್ನುವುದು ಅವಳ ವಾದ. ಚೈನ್‌ಸಾದ ಹಲ್ಲುಗಳನ್ನು ಒಂದೊಂದಾಗಿ ಅರದಿಂದ ಉಜ್ಜಿಸಿದಳು. ಬಾಯಿ ಮೊಂಡಾದ ಕಬ್ಬಿಣದ ಬೆಣೆಗಳು, ದಿಮ್ಮಿ ಉರುಳಿಸುವ ಕೊಕ್ಕೆ, ಹಾರೆ, ದೊಡ್ಡ ಸುತ್ತಿಗೆ, ಕಾವು ಮುರಿದ ಕೊಡಲಿಗಳು, ಎಲ್ಲಕ್ಕೂ ಸೇವೆ ಆಯಿತು. ಗೋಡೆಯ ಮೇಲಿದ್ದ ಉದ್ದ ಗರಗಸಕ್ಕೂ ಕೈ ಹಾಕಿದಳು. ಕುರ್ಚಿಯಿಂದ ಅಪ್ಪನ ದನಿ ಬಂತು, ಅದನ್ನ ಅಲ್ಲೇ ಬಿಡು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಶೆಡ್ಡಿನಲ್ಲೇ ಬಿದ್ದಿದ್ದ, ನೀರೆತ್ತುವ ಹಳೆಯ ಡೀಸೆಲ್ ಎಂಜಿನ್ ಪಂಪಿಗೆ ಜೋಡಿಯಾಯಿತು. ಸಿಲಿಂಡರಿನ ಒಳಗಿನ ರಬ್ಬರ್ ಬಳೆಗಳು ಹೊಸವು ಬಂದವು, ಟ್ಯಾಂಕನ್ನು ಮೂರು ಸಲ ತೊಳೆದದ್ದಾಯಿತು. ಎಣ್ಣೆಯಲ್ಲಿ ಒಂದು ಕಸ ಹೋದರೂ ಪಂಪು ಕೆಡುತ್ತದೆ ಎಂದು ಅತ್ತೆ ಅಡುಗೆಮನೆಗೆ ನುಗ್ಗಿ, ಹಿಟ್ಟು ಜರಡಿಯನ್ನು ಎತ್ತಿಕೊಂಡು ಬಂದಳು. ಅಮ್ಮ ಅವತ್ತಿನಿಂದ ಇವತ್ತಿನವರೆಗೂ ನಾದಿನಿಯನ್ನು ಕಂಡಾಗಲೆಲ್ಲ ಆ ಜರಡಿಯ ಕ್ಷೇಮ ಸಮಾಚಾರ ವಿಚಾರಿಸುತ್ತಾಳೆ. ನಾನು ಅಂಗಡಿಯಿಂದ ಎಂದೋ ತಂದಿಟ್ಟಿದ್ದ ದಪ್ಪ ಗಾಜಿನ ಕನ್ನಡಕಗಳನ್ನು ಎಲ್ಲರಿಗೂ ಹಂಚಿದೆ. ಅಮ್ಮ ಅದನ್ನು ಹಾಕಿಕೊಂಡೇ ಚಹಾ ಸೋಸಿದಳು. ಅತ್ತೆ ಬೆಸುಗೆ ಹಾಕುವಾಗ ಕಿಡಿ ಹಾರಿದರೆ, ಸೆಖೆಯಲ್ಲಿ ಬೆವರು ಸುರಿದರೆ, ನಟ್ಟು ಸಿಗದಿದ್ದರೆ, ಎಲ್ಲದಕ್ಕೂ ನಗು. ನಾನು ಹುಟ್ಟಿದಾಗಿನಿಂದ ಆ ಅಂಗಳ ಅಷ್ಟು ನಕ್ಕದ್ದು ನೋಡಿರಲಿಲ್ಲ. ಬೆಳಿಗ್ಗೆ ಯಾವಾಗ ಆದೀತೋ ಎಂದು ಕಾಯುತ್ತಿದ್ದೆ. ಮೂವತ್ತೈದು ವರ್ಷಕ್ಕೆ ನನಗೆ ಎಣ್ಣೆ, ಕಬ್ಬಿಣದ ಹುಚ್ಚು ಹಿಡಿದಿತ್ತು.

ಮಂಗಳವಾರ ಸಂಜೆ ಹಿಡಿಗಳ ಸರದಿ. ಎರಡು ಹಿಡಿ ಎಂದು ಬೇರೆ ಹೇಳಬೇಕೇ? ಅತ್ತೆ ನನ್ನನ್ನು ತೊಲೆಯ ಮುಂದೆ ನಿಲ್ಲಿಸಿ, ಎರಡು ತೋಳನ್ನೂ ಚಾಚು ಎಂದಳು. ಚಾಚಿದೆ. ಎಡಗೈ ಬೆರಳ ತುದಿಗೆ ಒಂದು ಗುರುತು, ಬಲಗೈ ಬೆರಳ ತುದಿಗೆ ಒಂದು ಗುರುತು, ಎದೆಯ ಎತ್ತರ. ಸೀಮೆಸುಣ್ಣದಲ್ಲಿ ಬರೆದುಕೊಂಡಳು. ಈ ಯಂತ್ರ ನಿಮ್ಮಪ್ಪನ ಒಂದು ಕೂದಲನ್ನೂ ಮುಟ್ಟಲ್ಲ ನೋಡು ಎಂದಳು, ಇಪ್ಪತ್ತೈದು ವರ್ಷದ ಹೆಮ್ಮೆಯಲ್ಲಿ.

ಬುಧವಾರ ಮಧ್ಯಾಹ್ನ ಎಂಜಿನ್ ಶುರುವಾಯಿತು. ಅತ್ತೆ ಎರಡೂ ಹಿಡಿ ಒತ್ತಿದಳು. ಕಂಬಿ ಅಲುಗಲಿಲ್ಲ, ಇದ್ದಲ್ಲೇ ಸಿಲಿಂಡರಿನೊಳಕ್ಕೆ ಇನ್ನಷ್ಟು ಮುದುಡಿಕೊಳ್ಳಲು ನೋಡಿತು. ಎರಡು ಪೈಪು ಅದಲುಬದಲಾಗಿತ್ತು. ಮೂವತ್ತೆಂಟು ವರ್ಷದ ಸರ್ವಿಸು ಮಣ್ಣುಪಾಲು ಎಂದು ತನ್ನನ್ನೇ ಬೈದುಕೊಂಡು ಬದಲಿಸಿದಳು. ಅಮ್ಮ ಒಣಹಾಕಿದ್ದ ಹಾಸಿಗೆ ಬಟ್ಟೆಗೆ ಒಂದಿಷ್ಟು ಎಣ್ಣೆ ಚಿಮ್ಮಿತು, ಆ ದಿನ ಅದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ನಾನು ಎಲ್ಲಕ್ಕಿಂತ ಗಂಟು ಗಂಟಾದ ದಿಮ್ಮಿಯನ್ನೇ ತಂದು ತೊಲೆಯ ಮೇಲೆ ಇಟ್ಟೆ. ಅಪ್ಪನ ಭುಜ ತಿಂದ ದಿಮ್ಮಿ ಅದು.

ಕಂಬಿ ಬಂತು. ದಿಮ್ಮಿಯನ್ನು ತಳ್ಳಿಕೊಂಡು ಹೋಗಿ ಬೆಣೆಗೆ ಒತ್ತಿತು. ಎಂಜಿನ್ನಿನ ದನಿ ದಪ್ಪವಾಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ದಿಮ್ಮಿಯ ಒಳಗೆಲ್ಲೋ ಚಟಚಟ ಎಂದಿತು, ಸಣ್ಣ ಬಿರುಕು ಗಂಟನ್ನು ಬಳಸಿಕೊಂಡು ಓಡಿತು, ಫಟ್ಟೆಂದು ಎರಡು ಹೋಳು ಎರಡು ಕಡೆ ಬಿದ್ದವು. ಒಳಗೆ ಕೆಂಪಗಿನ, ಯಾರೂ ಕಾಣದ ಮರ. ಅದರ ವಾಸನೆ ಅಂಗಳ ತುಂಬಿತು. ಅಮ್ಮ ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆತು ಚಪ್ಪಾಳೆ ತಟ್ಟುತ್ತಿದ್ದಳು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅತ್ತೆ ಹಿಡಿ ಬಿಟ್ಟಳು, ಕಂಬಿ ತಾನಾಗಿ ಹಿಂದೆ ಸರಿಯಿತು, ಇನ್ನೊಂದು ಎಂದಳು. ಇನ್ನೊಂದು, ಮತ್ತೊಂದು. ಹತ್ತು ದಿಮ್ಮಿ ಇಪ್ಪತ್ತು ಹೋಳಾಗುವಷ್ಟರಲ್ಲಿ ಬೇಲಿಯಾಚೆ ಟೈರ್ ಅಂಗಡಿಯವರು ಸ್ಟೂಲ್ ಹಾಕಿಕೊಂಡು ನಿಂತು ನೋಡುತ್ತಿದ್ದರು.

ಅತ್ತೆ ಎಂಜಿನ್ ನಿಲ್ಲಿಸಿ, ಕೈ ಒರೆಸಿಕೊಂಡು, ಕುರ್ಚಿಯ ಕಡೆ ತಿರುಗಿದಳು.

"ಅಣ್ಣಾ, ಬಾ. ಇದು ನಿಂದು. ನೀನೇ ಸೀಳು."

ಅಪ್ಪ ಎದ್ದ. ಪೇಪರನ್ನು ಕುರ್ಚಿಯ ಮೇಲಿಟ್ಟ. ಹದಿನೆಂಟು ದಿನಗಳ ಮೇಲೆ ಅವನು ಅಂಗಳಕ್ಕೆ ಇಳಿದದ್ದು. ನಡೆಯುವಾಗ ಮುಖದಲ್ಲಿ ಒಂದು ಸಣ್ಣ ನಗು ಇತ್ತು, ಮುಚ್ಚಿಡಲು ನೋಡುತ್ತಿದ್ದ, ಆಗುತ್ತಿರಲಿಲ್ಲ. ಯಂತ್ರದ ಮುಂದೆ ನಿಂತು ಅತ್ತೆ ತೋರಿಸಿದ ಜಾಗದಲ್ಲಿ ಕಾಲೂರಿದ. ಎಡಗೈಯಲ್ಲಿ ಎಡಗಡೆಯ ಹಿಡಿ ಹಿಡಿದ. ಆಮೇಲೆ ಬಲಗಡೆಗೆ ನೋಡಿದ.

ಬಲಗಡೆಯ ಹಿಡಿ ಒಂದು ತೋಳಿನಷ್ಟು ದೂರದಲ್ಲಿತ್ತು. ಆ ತೋಳು ಅಪ್ಪನ ಎದೆಗೆ ಬಿಗಿದು ಕಟ್ಟಿತ್ತು.

ಅತ್ತೆಯ ಮುಖದಿಂದ ರಕ್ತ ಇಳಿದುಹೋದದ್ದು ನನಗೆ ಕಾಣಿಸಿತು. ಒಂದು ಕೈ ಇಲ್ಲದ ಅಣ್ಣನಿಗಾಗಿ ಎರಡು ಕೈ ಬೇಕಾದ ಯಂತ್ರ ಮಾಡಿದ್ದಳು. ನಾನಾದರೂ ಏನು? ಇಡೀ ಊರಿನ ಕಣ್ಣು ಪರೀಕ್ಷೆ ಮಾಡುವವಳು ಎರಡೂ ತೋಳು ಚಾಚಿ ಅಳತೆ ಕೊಟ್ಟಿದ್ದೆ, ಅಪ್ಪ ಹತ್ತು ಹೆಜ್ಜೆ ದೂರದಲ್ಲಿ ಕೈ ಕಟ್ಟಿಕೊಂಡು ಕೂತಿದ್ದಾಗ. ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

ಅಪ್ಪ ಎಡಗೈ ತೆಗೆದ. ನಗು ಹೋಗಿತ್ತು. ಚೆನ್ನಾಗಿ ಮಾಡಿದೀಯ ಎಂದು ಮೆಲ್ಲಗೆ ಹೇಳಿ ಕುರ್ಚಿಯ ಕಡೆ ತಿರುಗಿದ.

ಅಮ್ಮ ಸುಲಭದ ದಾರಿ ಹೇಳಿದಳು, ಬಲಗಡೆ ಹಿಡಿಯನ್ನು ಹಗ್ಗದಲ್ಲಿ ಕಟ್ಟಿಬಿಟ್ಟರೆ ಆಯಿತಲ್ಲ. ಅತ್ತೆ ಅವಳ ಮೇಲೆ ಹಾಗೆ ಹರಿಹಾಯ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. ಮೂರು ಬೆರಳು ಹೋದವನೂ ಹೀಗೇ ಅಂದುಕೊಂಡಿದ್ದ ಅತ್ತಿಗೆ, ಇರುವ ಒಂದು ಕೈಯೂ ಹೋಗಲಿ ಅಂತೀರಾ ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು. ತಾನೇ ಸೀಳಿ ನಾಳೆ ಸಂಜೆಯೊಳಗೆ ಬೇಕರಿಗೆ ಲೋಡು ಕಳಿಸುತ್ತೇನೆ, ಆಮೇಲೆ ಎರಡು ದಿನ ಕೊಟ್ಟರೆ ಬಲಹಿಡಿ ತೆಗೆದು ಕಾಲಿನ ಪೆಡಲ್ ಹಾಕುತ್ತೇನೆ ಎಂದಳು. ಅಪ್ಪ ತಿರುಗಿ ನೋಡದೆ, ಎರಡು ದಿನ ಎಲ್ಲಿದೆ, ಟೈರ್ ಅಂಗಡಿಯವರಿಗೆ ಶುಕ್ರವಾರಕ್ಕೆ ಮಾತು ಕೊಟ್ಟಾಗಿದೆ, ನೀನು ಸೀಳಿದ್ದು ನಿನ್ನದಾಗುತ್ತದೆ ಎಂದ.

ಅತ್ತೆ ಸ್ಪ್ಯಾನರ್ ತೆಗೆದುಕೊಂಡು ಬಲಹಿಡಿಯ ನಟ್ಟಿಗೆ ಹಾಕಿದಳು. ಸ್ಪ್ಯಾನರ್ ಎರಡು ಸಲ ಜಾರಿತು. ಅರವತ್ತು ವರ್ಷದ ಜಾಕಕ್ಕ ಒಂದು ನಟ್ಟು ಬಿಚ್ಚಲು ಆಗದೆ ಅಳುತ್ತಿದ್ದಳು, ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತ.

ಅಪ್ಪ ಕುರ್ಚಿಯವರೆಗೆ ಹೋಗದೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಅಲ್ಲಿಂದ ಗೋಡೆಯ ಮೇಲಿನ ಗರಗಸ ನೇರ ಕಾಣುತ್ತದೆ, ಎಣ್ಣೆ ಹಚ್ಚಿದ ಅಲಗು, ಎರಡು ತುದಿಗೆ ಎರಡು ಹಿಡಿ. ಅದನ್ನು ಎಷ್ಟು ಹೊತ್ತು ನೋಡಿದನೋ ಗೊತ್ತಿಲ್ಲ. ಆಮೇಲೆ ಬಂದವನೇ ಯಂತ್ರದ ಮುಂದೆ ಮೊದಲಿನ ಜಾಗ ಬಿಟ್ಟು, ಪೂರ್ತಿ ಎಡಗಡೆಗೆ ಸರಿದು ನಿಂತು, ಎಡಹಿಡಿಯನ್ನು ಹಿಡಿದು ತಂಗಿಯ ಕಡೆ ನೋಡಿದ.

"ಪುಟ್ಟಿ, ಸ್ಪ್ಯಾನರ್ ಕೆಳಗಿಡು. ಆ ಕಡೆ ನಿಂತ್ಕೋ."

"ಪೆಡಲ್ ಹಾಕ್ತೀನಿ ಅಣ್ಣ. ನೀನು ಒಬ್ಬನೇ ಮಾಡೋ ಹಾಗೆ ಮಾಡ್ಕೊಡ್ತೀನಿ."

"ಒಬ್ಬನೇ ಮಾಡಿದ್ದು ಸಾಕು. ಆ ತುದಿ ಯಾವತ್ತಿದ್ರೂ ನಿಂದೇ."

ಅತ್ತೆ ಸ್ಪ್ಯಾನರ್ ಕೆಳಗಿಟ್ಟಳು. ಮುಖ ಒರೆಸಿಕೊಂಡಳೋ, ಎಣ್ಣೆ ಬಳಿದುಕೊಂಡಳೋ, ಎರಡೂ ಆಯಿತು. ಬಲಹಿಡಿಯ ಹತ್ತಿರ ನಿಂತವಳಿಗೆ ಮರುಕ್ಷಣವೇ ವರ್ಕ್‌ಶಾಪಿನ ಜೀವ 'ನಾನಿದ್ದೇನೆ' ಎಂದಿತು. ಹೀಗೆ ಇಬ್ಬರು ನಿಂತರೆ ತನ್ನ ಒಂದು ಕೈ ಖಾಲಿ ಉಳಿಯುತ್ತದೆ, ಅದು ಬೆನ್ನ ಹಿಂದೆ ಇರಬೇಕು, ಇದು ನಿಯಮ ಎಂದಳು. ದಿಮ್ಮಿ ಇಡುವವರು ದೂರ ಸರಿದು 'ಹೂಂ' ಎನ್ನುವವರೆಗೆ ಯಾರೂ ಹಿಡಿ ಮುಟ್ಟಬಾರದು, ಅದೂ ನಿಯಮ. ನನಗೂ ಅಮ್ಮನಿಗೂ ದಿಮ್ಮಿ ಇಡುವ ಕೆಲಸ. ಅಪ್ಪ ಒಂದು ನಿಯಮ ಸೇರಿಸಿದ, ಬುಡದ ಕಡೆ ಬೆಣೆಗೆ ಬರಲಿ, ಗಂಟು ಮೇಲಿರಲಿ.

ಹೂಂ ಎಂದೆ. ಅಪ್ಪ ಎಣಿಸಲಿಲ್ಲ, ಈಗ ಎಂದು ಹೇಳಲೂ ಇಲ್ಲ. ಸುಮ್ಮನೆ ಅತ್ತೆಯ ಮುಖ ನೋಡಿದ. ಎರಡು ಹಿಡಿಯೂ ಒಂದೇ ಕ್ಷಣಕ್ಕೆ ಕೆಳಗಿಳಿದವು. ಕಂಬಿ ಹೊರಟಿತು. ದಿಮ್ಮಿ ಒಡೆದಾಗ ಅಪ್ಪ ಬಾಯ್ತುಂಬ ನಕ್ಕ. ಆ ನಗೆಯನ್ನು ನಾನು ಮರೆತೇಬಿಟ್ಟಿದ್ದೆ.

ಅವತ್ತು ಸಂಜೆಯವರೆಗೆ, ಮರುದಿನ ಬೆಳಗಿನಿಂದ ಮತ್ತೆ. ಒಬ್ಬರ ಕೈ ಎದೆಗೆ ಕಟ್ಟಿದೆ, ಇನ್ನೊಬ್ಬರ ಕೈ ಬೆನ್ನ ಹಿಂದೆ ಇದೆ, ಇಬ್ಬರೂ ಮದುವೆ ಫೋಟೋಕ್ಕೆ ನಿಂತವರ ಹಾಗೆ ನೆಟ್ಟಗೆ ನಿಂತು ಸೀಳುತ್ತಿದ್ದಾರೆ, ಬೈದಾಡುತ್ತಿದ್ದಾರೆ. ಬೇಗ ಬಿಟ್ಟೆ, ತಡ ಮಾಡಿದೆ, ನೀನು ಅವತ್ತೂ ಹೀಗೇ, ನೀನು ಇವತ್ತೂ ಹಾಗೇ. ನಲವತ್ತು ವರ್ಷ ಆಡದೆ ಉಳಿದ ಮಾತೆಲ್ಲ ಸೌದೆಯ ಜೊತೆ ಹೊರಬಿತ್ತು. ಗುರುವಾರ ಮೂರು ಗಂಟೆಗೇ ಲೋಡು ತುಂಬಿತು. ಬೇಕರಿಯವರು ತಾವೇ ಬಂದು, ಒಂದು ಹೋಳನ್ನು ಇನ್ನೊಂದಕ್ಕೆ ತಟ್ಟಿ, ಒಣಗಿದ ಮರದ ಆ ಟಣ್ ಸದ್ದು ಕೇಳಿ, ಗ್ಯಾಸಿನವರಿಗೆ ಅಲ್ಲಿಂದಲೇ ಫೋನ್ ಮಾಡಿ ಬರಬೇಡಿ ಎಂದರು. ಟೈರ್ ಅಂಗಡಿಯವರಿಗೆ ಅಪ್ಪ ಬೇಲಿಯ ಮೇಲಿಂದಲೇ ವಿಷಯ ತಿಳಿಸಿದ. ಅವರಿಗೆ ಬೇಸರವೇನೂ ಆದಂತೆ ಕಾಣಲಿಲ್ಲ, ಸ್ಟೂಲ್ ಇನ್ನೂ ಅಲ್ಲೇ ಇತ್ತು. ಶುಕ್ರವಾರ ನಾನು ಅಂಗಡಿಗೆ ಹೋದೆ. ಮರದ ಪುಡಿ ಬಿದ್ದು ಕಣ್ಣು ನಿಜವಾಗಿಯೂ ಕೆಂಪಗಾಗಿತ್ತು, ಸಾಹುಕಾರರು ಮತ್ತೆರಡು ದಿನ ರಜೆ ಕೊಟ್ಟು ಓಡಿಸಿದರು.

ಅತ್ತೆ ಆಮೇಲೆ ಪೆಡಲ್ ಮಾಡಿದಳು, ಹೇಳಿದ್ದನ್ನು ಮಾಡದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಅದು ಶೆಡ್ಡಿನ ಗೋಡೆಯಲ್ಲಿ, ಗರಗಸದ ಪಕ್ಕದ ಮೊಳೆಗೆ ನೇತಾಡುತ್ತಿದೆ. ಮೂರು ತಿಂಗಳಾದ ಮೇಲೆ ಅಪ್ಪನ ಕಟ್ಟು ಬಿಚ್ಚಿದರು. ಕೊಡಲಿ ಬೇಡ, ಹಗುರ ಕೆಲಸ ಮಾಡಬಹುದು ಎಂದರು ಡಾಕ್ಟರು. ಈಗ ಅಂಗಿಯ ಗುಂಡಿ ಅವನೇ ಹಾಕಿಕೊಳ್ಳುತ್ತಾನೆ, ಪೇಪರಿನ ಎಲ್ಲ ಪುಟವನ್ನೂ ಓದಿ ನಮ್ಮ ತಲೆ ತಿನ್ನುತ್ತಾನೆ. ಎರಡೂ ತೋಳು ಚಾಚಿದರೆ ಎರಡೂ ಹಿಡಿ ಸಿಗುತ್ತವೆ.

ದಿನಾ ಬೆಳಿಗ್ಗೆ ಎಂಟಕ್ಕೆ ಅಪ್ಪ ಎಂಜಿನ್ ಬೆಚ್ಚಗೆ ಮಾಡಿ, ಎಡಗಡೆಯ ಹಿಡಿಯ ಹತ್ತಿರ ನಿಂತಿರುತ್ತಾನೆ. ಅತ್ತೆಯ ಆಟೋ ಹತ್ತು ನಿಮಿಷ ತಡವಾದರೆ ಗೇಟಿನ ಕಡೆ ನೋಡುತ್ತಾನೆ, ಗೊಣಗುತ್ತಾನೆ, ಒಂದು ದಿಮ್ಮಿಯನ್ನು ತೊಲೆಯ ಮೇಲೆ ತಾನೇ ಇಟ್ಟು ಸರಿಯಾಗಿ ಕೂರಿಸುತ್ತಾನೆ. ಬಲಗಡೆಯ ಹಿಡಿಯನ್ನು ಮಾತ್ರ ಮುಟ್ಟುವುದಿಲ್ಲ.